ಆರ್‌ವಿಗೆ ಸರ್ಜ್ ಪ್ರೊಟೆಕ್ಟರ್ ಒಂದೇ ಸಾಕಾ? ಚಳಿಗಾಲದಲ್ಲಿ ನಿಲ್ಲಿಸುವಾಗ ಏನು ಮಾಡಬೇಕು?

ನೀವು ಎರಡು ವಿಷಯ ಕೇಳಿದ್ದೀರಿ. ಸೆಕೆಂಡ್ ಹ್ಯಾಂಡ್ 30 ಆಂಪ್ ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ, ಮನೆಯಂಥ ಆರ್‌ವಿ) ಕೊಂಡಿದ್ದೀರಿ, ಅದಕ್ಕೊಂದು ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಸಾಕಾ ಅನ್ನೋದು ಮೊದಲನೆಯದು. ಚಳಿಗಾಲ ಪೂರ್ತಿ ಗಾಡಿ ಸುಮ್ನೆ ನಿಂತಿರುತ್ತದೆ, ಆಗ ಬ್ಯಾಟರಿ, ಫ್ರಿಜ್, ವಾಟರ್ ಹೀಟರ್ ಹಾಳಾಗದಂತೆ ಏನು ಮಾಡಬೇಕು, ಪ್ಲಗ್ ಹಾಕಿಯೇ ಬಿಡಬಹುದಾ ಅನ್ನೋದು ಎರಡನೆಯದು. ನಮ್ಮದೂ 30 ಆಂಪ್ ಗಾಡಿಯೇ. ಅಮೆರಿಕದ 120 ವೋಲ್ಟ್ ಲೆಕ್ಕದಲ್ಲೇ ಹೇಳುತ್ತೇನೆ.

ಸರ್ಜ್ ಪ್ರೊಟೆಕ್ಟರ್ ಒಂದೇ ಸಾಲದು. ಸಾಮಾನ್ಯ ಸರ್ಜ್ ಪ್ರೊಟೆಕ್ಟರ್ ಮಾಡುವ ಕೆಲಸ ಒಂದೇ: ಕ್ಷಣಮಾತ್ರ ನುಗ್ಗಿ ಬರುವ ಹೈ ವೋಲ್ಟೇಜನ್ನು ತಾನು ನುಂಗಿಕೊಳ್ಳುವುದು. ಕ್ಯಾಂಪ್‌ಗ್ರೌಂಡಿನಲ್ಲಿ ಅದಕ್ಕಿಂತ ಜಾಸ್ತಿ ಕಾಡುವುದು ಕಡಿಮೆ ವೋಲ್ಟೇಜ್. ಸುಡುಬಿಸಿಲಿನ ಮಧ್ಯಾಹ್ನ ಎಲ್ಲರೂ ಎಸಿ ಹಾಕಿಕೊಂಡು ಕೂತಾಗ ಸಾಲಿನ ಕೊನೆಯ ಪೆಡೆಸ್ಟಲ್‌ಗೆ (ಗಾಡಿಗಳಿಗೆ ಕರೆಂಟ್ ಕೊಡುವ ಕಂಬದಂಥ ಪೆಟ್ಟಿಗೆಗೆ) ಬರಬೇಕಾದಷ್ಟು ವೋಲ್ಟೇಜ್ ಬರುವುದಿಲ್ಲ. ಬಲ್ಬ್ ಸ್ವಲ್ಪ ಮಂಕಾಗುತ್ತದೆ, ಅಷ್ಟೇ. ಆದರೆ ಎಸಿಯ ಕಂಪ್ರೆಸರ್ ಮೋಟರ್ ಹಾಗಲ್ಲ. ವೋಲ್ಟೇಜ್ ಇಳಿದರೂ ಅದು ಅಷ್ಟೇ ಕೆಲಸ ಮಾಡಬೇಕು, ಹಾಗಾಗಿ ಇನ್ನಷ್ಟು ಆಂಪ್ಸ್ ಎಳೆಯುತ್ತದೆ. ಒಳಗಿನ ವೈಂಡಿಂಗ್ (ತಂತಿಯ ಸುರುಳಿ) ಬಿಸಿಯಾಗುತ್ತದೆ, ದಿನ ಕಳೆದಂತೆ ಅದರ ಇನ್ಸುಲೇಷನ್ ಹಾಳಾಗುತ್ತದೆ. ಒಂದು ದಿನ ಎಸಿ ನಿಂತಾಗ ‘ಹಳೇದಾಗಿತ್ತು’ ಅಂದುಕೊಂಡು ಸುಮ್ಮನಾಗುತ್ತೇವೆ.

ಇದಕ್ಕೆ ಬೇಕಾದದ್ದು ಇಎಂಎಸ್ (ಎನರ್ಜಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಅನ್ನುವ ಸಾಧನ. ನೋಡಲು ಸರ್ಜ್ ಪ್ರೊಟೆಕ್ಟರ್ ಥರವೇ ಇರುತ್ತದೆ, ಬೆಲೆ ಮಾತ್ರ ಜಾಸ್ತಿ. ವೋಲ್ಟೇಜ್ ಸುಮಾರು 104ಕ್ಕಿಂತ ಕೆಳಗೆ ಹೋದರೂ, 132ಕ್ಕಿಂತ ಮೇಲೆ ಹೋದರೂ ಇದು ಕರೆಂಟ್ ಕಡಿದುಬಿಡುತ್ತದೆ. ಅರ್ತ್ ಇಲ್ಲದಿದ್ದರೆ, ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಒಳಗೆ ಕರೆಂಟನ್ನೇ ಬಿಡುವುದಿಲ್ಲ. ಕರೆಂಟ್ ಹೋಗಿ ಬಂದ ತಕ್ಷಣ ಎಸಿ ಶುರುವಾಗದಂತೆ ಸ್ವಲ್ಪ ಹೊತ್ತು ಕಾಯಿಸಿ ಬಿಡುವ ಟೈಮರ್ ಕೂಡ ಇರುತ್ತದೆ. ಕಂಪ್ರೆಸರಿಗೆ ಇದು ಬಹಳ ಮುಖ್ಯ. ಒಳಗಿನ ಗ್ಯಾಸ್ ಒತ್ತಡ ಇಳಿಯುವ ಮೊದಲೇ ಅದು ಮತ್ತೆ ತಿರುಗಲು ಹೋದರೆ ಅಲ್ಲೇ ಸಿಕ್ಕಿಕೊಂಡು ಸುಮ್ನೆ ಬಿಸಿಯಾಗುತ್ತದೆ. ದುಡ್ಡು ಒಂದಕ್ಕೇ ಇದೆ ಅಂದರೆ ಸರ್ಜ್ ಪ್ರೊಟೆಕ್ಟರ್ ಬಿಟ್ಟು ಇಎಂಎಸ್ ತಗೊಳ್ಳಿ. ಸಿಡಿಲು ಹತ್ತಿರದಲ್ಲೇ ಹೊಡೆದರೆ ಯಾವ ಸಾಧನವನ್ನೂ ನಂಬಬೇಡಿ. ಗುಡುಗು ಹತ್ತಿರವಾಗುವ ಮೊದಲೇ ಪ್ಲಗ್ ಕಿತ್ತುಬಿಡಿ.

30 ಆಂಪ್ ಗಾಡಿಯವರು ತಿಳಿದಿರಲೇಬೇಕಾದ ಒಂದು ಅಪಾಯ ಇದೆ. ಮನೆಯ ಹತ್ತಿರ ಗಾಡಿಗೊಂದು ಸಾಕೆಟ್ ಹಾಕಿಸೋಣ ಅಂತ ಎಲೆಕ್ಟ್ರಿಷಿಯನ್ನನ್ನು ಕರೆಯುತ್ತೀರಿ. ಮೂರು ಪಿನ್, 30 ಆಂಪ್ ಅಂದ ಕೂಡಲೇ ಅವರಿಗೆ ಬಟ್ಟೆ ಒಣಗಿಸುವ ಡ್ರೈಯರಿನ 240 ವೋಲ್ಟ್ ಸಾಕೆಟ್ ನೆನಪಾಗುತ್ತದೆ, ಹಾಗೇ ವೈರಿಂಗ್ ಮಾಡಿಬಿಡುತ್ತಾರೆ. ಆರ್‌ವಿಯ 30 ಆಂಪ್ ಸಾಕೆಟ್ 120 ವೋಲ್ಟಿನದು. ತಪ್ಪು ಸಾಕೆಟ್ಟಿಗೆ ಗಾಡಿ ಚುಚ್ಚಿದರೆ ಕನ್ವರ್ಟರ್ (120 ವೋಲ್ಟನ್ನು 12 ವೋಲ್ಟಿಗೆ ಇಳಿಸಿ ಬ್ಯಾಟರಿ ಚಾರ್ಜ್ ಮಾಡುವ ಪೆಟ್ಟಿಗೆ), ಮೈಕ್ರೋವೇವ್, ಟಿವಿ ಎಲ್ಲಕ್ಕೂ ಒಟ್ಟಿಗೆ 240 ವೋಲ್ಟ್ ನುಗ್ಗುತ್ತದೆ. ಕೆಲಸ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಹೋಗುವ ಮುಂಚೆ ನಿಮ್ಮ ಎದುರಿಗೇ ಮೀಟರ್ ಇಟ್ಟು ತೋರಿಸಲು ಹೇಳಿ. ಫೇಸ್‌ನಿಂದ ನ್ಯೂಟ್ರಲ್‌ಗೆ 120ರ ಆಸುಪಾಸು, ಫೇಸ್‌ನಿಂದ ಅರ್ತ್‌ಗೂ ಅಷ್ಟೇ, ನ್ಯೂಟ್ರಲ್‌ನಿಂದ ಅರ್ತ್‌ಗೆ ಹೆಚ್ಚುಕಮ್ಮಿ ಸೊನ್ನೆ ಬರಬೇಕು. 50 ಆಂಪ್ ಗಾಡಿಯವರ ತಲೆನೋವು ಬೇರೆ. ಅಲ್ಲಿ ಎರಡು ಫೇಸ್ ವೈರ್ ಇರುತ್ತವೆ. ನ್ಯೂಟ್ರಲ್ ಕಳಚಿಕೊಂಡರೆ ಕೆಲವು ಉಪಕರಣಗಳಿಗೆ 120ಕ್ಕಿಂತ ಎಷ್ಟೋ ಹೆಚ್ಚು, ಉಳಿದವಕ್ಕೆ ಕಡಿಮೆ ವೋಲ್ಟೇಜ್ ಹೋಗುತ್ತದೆ.

ಪ್ಲಗ್ ಹಾಕುವಾಗಲೂ ತೆಗೆಯುವಾಗಲೂ ಪೆಡೆಸ್ಟಲ್ ಬ್ರೇಕರ್ ಆಫ್ ಇರಲಿ. ಆನ್ ಇಟ್ಟುಕೊಂಡು ಎಳೆದರೆ ಕಿಡಿ ಹಾರಿ ಪಿನ್ ಕಪ್ಪಾಗುತ್ತದೆ, ಕಪ್ಪಾದ ಪಿನ್ ಕಾಯುತ್ತದೆ, ಕಾದ ಪಿನ್ ಸಾಕೆಟ್ಟನ್ನು ಸಡಿಲ ಮಾಡುತ್ತದೆ. ಸಾವಿರಾರು ಜನ ಚುಚ್ಚಿ ತೆಗೆದ ಸಾಕೆಟ್ ಅಲ್ವಾ, ಮೊದಲೇ ಸಡಿಲವಾಗಿರುತ್ತದೆ. ಪ್ಲಗ್ ಲೊಡಲೊಡ ಅಂದರೆ ಬೇರೆ ಜಾಗ ಕೇಳಿ, ಸಂಕೋಚ ಬೇಡ. ಎಸಿ ಅರ್ಧ ಗಂಟೆ ಓಡಿದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಪ್ಲಗ್ ಎಷ್ಟು ಕಾದಿದೆ ನೋಡುವುದು ನನ್ನ ಅಭ್ಯಾಸ. ಉಳಿದ ಕೇಬಲನ್ನು ಸುರುಳಿ ಸುತ್ತಿ ಇಟ್ಟು ಎಸಿ ಓಡಿಸಬೇಡಿ, ಸುರುಳಿಯೊಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಗಾಡಿಯ ಲೋಹದ ಮೈ ಮುಟ್ಟಿದಾಗ ಜುಂ ಅಂದರೆ ಮತ್ತೆ ಮುಟ್ಟಿ ಪರೀಕ್ಷೆ ಮಾಡಬೇಡಿ. ಪೆಡೆಸ್ಟಲ್ ಬ್ರೇಕರ್ ಆಫ್ ಮಾಡಿ, ಪ್ಲಗ್ ಕಿತ್ತು, ಸರಿಯಾಗುವವರೆಗೆ ಮಕ್ಕಳನ್ನು ದೂರ ಇಡಿ.

ಲೋಡ್ ಲೆಕ್ಕ ಸುಲಭ. 30 ಆಂಪ್ ಅಂದರೆ 3,600 ವಾಟ್. ಎಸಿ 13 ಆಂಪ್ ಆಸುಪಾಸು, ಮೈಕ್ರೋವೇವ್ ಇನ್ನೊಂದು 13. ಇವೆರಡು ಓಡುವಾಗ ವಾಟರ್ ಹೀಟರನ್ನು ಕರೆಂಟಿನ ಬದಲು ಗ್ಯಾಸ್‌ಗೆ ಹಾಕಿ. ಮನೆಯ 15 ಆಂಪ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿಕೊಂಡಾಗ ಬ್ಯಾಟರಿ ಚಾರ್ಜ್, ಲೈಟ್, ಫ್ರಿಜ್ ಸಾಕು, ಎಸಿ ಬೇಡ.

ಇನ್ನು ಚಳಿಗಾಲದ ವಿಷಯ. ಬ್ಯಾಟರಿಯೇ ಇಲ್ಲಿ ದೊಡ್ಡ ಚಿಂತೆ. ಎಲ್ಲ ಸ್ವಿಚ್ ಆಫ್ ಮಾಡಿದರೂ ಗ್ಯಾಸ್ ಲೀಕ್ ಡಿಟೆಕ್ಟರ್, ರೇಡಿಯೋದ ಗಡಿಯಾರ, ಫ್ರಿಜ್ ಬೋರ್ಡ್ ಇಂಥವು ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. ಕೆಲವೇ ವಾರಗಳಲ್ಲಿ ಬ್ಯಾಟರಿ ಖಾಲಿ. ಬ್ಯಾಟರಿ ಕಟ್-ಆಫ್ ಸ್ವಿಚ್ ಇದ್ದರೂ ಎಷ್ಟೋ ಗಾಡಿಗಳಲ್ಲಿ ಅದು ಎಲ್ಲವನ್ನೂ ಕಡಿಯುವುದಿಲ್ಲ. ನೆಗೆಟಿವ್ ಕೇಬಲನ್ನೇ ಬಿಚ್ಚಿಡುವುದು ಖಚಿತವಾದ ದಾರಿ. ಸೋಲಾರ್ ಪ್ಯಾನಲ್ ಇದ್ದರೆ ಮೊದಲು ಪ್ಯಾನಲ್ ಕನೆಕ್ಷನ್ ತೆಗೆದು ಆಮೇಲೆ ಬ್ಯಾಟರಿ ಬಿಚ್ಚಿ, ಇಲ್ಲದಿದ್ದರೆ ಸೋಲಾರ್ ಕಂಟ್ರೋಲರಿಗೆ ಪೆಟ್ಟು ಬೀಳಬಹುದು.

ನಿಮ್ಮದು ಲೆಡ್-ಆಸಿಡ್ ಬ್ಯಾಟರಿ ಆಗಿದ್ದರೆ ಫುಲ್ ಚಾರ್ಜ್ ಮಾಡಿಯೇ ನಿಲ್ಲಿಸಿ. ಚಾರ್ಜ್ ತುಂಬಿದ ಬ್ಯಾಟರಿ ಸಾಮಾನ್ಯ ಚಳಿಗಾಲದ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೋದರೂ ಹೆಪ್ಪುಗಟ್ಟಿ ಒಡೆಯಬಹುದು, ಆಸಿಡ್ ಬಹುಪಾಲು ನೀರಾಗಿರುತ್ತದೆ ನೋಡಿ. ಬಿಚ್ಚಿಟ್ಟಾಗ ಮೀಟರಿನಲ್ಲಿ 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ತುಂಬಿದೆ ಅಂತ. 12.4ರ ಹತ್ತಿರ ಇಳಿದರೆ ಮತ್ತೆ ಚಾರ್ಜ್ ಮಾಡಿ. ಲಿಥಿಯಂ ಆಗಿದ್ದರೆ ಇದಕ್ಕೆ ಉಲ್ಟಾ: ಅರ್ಧದ ಆಸುಪಾಸಿನಲ್ಲಿ ಚಾರ್ಜ್ ಇಟ್ಟು ಬಿಚ್ಚಿ, ಮತ್ತೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಲೇಬೇಡಿ.

‘ಚಳಿಗಾಲ ಪೂರ್ತಿ ಪ್ಲಗ್ ಹಾಕಿಯೇ ಬಿಡಬಹುದಾ’ ಅಂತಲೂ ಕೇಳಿದ್ದೀರಿ. ನಿಮ್ಮ ಕನ್ವರ್ಟರ್ ಎಷ್ಟು ಹಳೆಯದು ಅನ್ನೋದರ ಮೇಲೆ ಅದು ನಿಂತಿದೆ. ಬ್ಯಾಟರಿ ತುಂಬಿದ ಮೇಲೆ ತಾನೇ ವೋಲ್ಟೇಜ್ ಇಳಿಸಿಕೊಳ್ಳುವ ಹೊಸ ಥರದ್ದಾದರೆ ಪರವಾಗಿಲ್ಲ. ಹಳೆಯ ಕನ್ವರ್ಟರ್ ಒಂದೇ ವೋಲ್ಟೇಜ್ ಕೊಡುತ್ತಾ ಬ್ಯಾಟರಿಯ ನೀರನ್ನೆಲ್ಲ ಆರಿಸಿಬಿಡುತ್ತದೆ. ನಾನಾದರೆ ಹಾಗೆ ಬಿಡುವುದಿಲ್ಲ. ಬ್ಯಾಟರಿ ಬಿಚ್ಚಿ ಒಳಗಿಟ್ಟು, ಆಗಾಗ ಚಾರ್ಜ್ ಮಾಡುತ್ತೇನೆ. ಹಾಗೆ ಮಾಡುವಾಗ ಗಾಳಿಯಾಡುವ ಜಾಗ ಇರಲಿ, ಡಿಸ್ಟಿಲ್ಡ್ ವಾಟರ್ ಎಷ್ಟಿದೆ ನೋಡಿಕೊಳ್ಳಿ.

ವಾಟರ್ ಹೀಟರ್ ಬಗ್ಗೆ ಒಂದು ಮಾತು. ಚಳಿಗಾಲಕ್ಕೆ ನೀರು ಖಾಲಿ ಮಾಡುತ್ತೀರಿ. ಮತ್ತೆ ನೀರು ತುಂಬುವ ಮೊದಲು ಅದರ ಕರೆಂಟ್ ಸ್ವಿಚ್ ಅಪ್ಪಿತಪ್ಪಿ ಆನ್ ಆದರೆ ಒಳಗಿನ ಕಾಯಿಲ್ ನೋಡನೋಡುತ್ತಲೇ ಸುಟ್ಟುಹೋಗುತ್ತದೆ. ಹೊರಗಿನ ಮುಚ್ಚಳದ ಹಿಂದಿನ ಸ್ವಿಚ್, ಒಳಗಿನ ಬ್ರೇಕರ್ ಎರಡನ್ನೂ ಆಫ್ ಮಾಡಿ, ಮೇಲೊಂದು ಚೀಟಿ ಅಂಟಿಸಿ. ವಸಂತದಲ್ಲಿ ಬೈಪಾಸ್ ವಾಲ್ವ್ (ನೀರು ಹೀಟರಿಗೆ ಹೋಗದೆ ಪಕ್ಕದಿಂದ ಹರಿಯುವಂತೆ ಮಾಡುವ ವಾಲ್ವ್) ಮೊದಲಿನಂತೆ ತಿರುಗಿಸಿ, ನೀರು ತುಂಬಿಸಿ, ಬಿಸಿನೀರಿನ ನಲ್ಲಿ ಬುಸ್ ಬುಸ್ ಅನ್ನದೆ ಒಂದೇ ಸಮ ಹರಿದ ಮೇಲಷ್ಟೇ ಆನ್ ಮಾಡಿ.

ಫ್ರಿಜ್ ಬಾಗಿಲು ಸ್ವಲ್ಪ ತೆರೆದಿಡಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ರಿಮೋಟ್, ಥರ್ಮೋಸ್ಟಾಟ್ ಒಳಗಿನ ಸೆಲ್ ತೆಗೆದಿಡಿ. ವೈರ್ ಒಳಬರುವ ತೂತುಗಳಿಗೆ ಸ್ಟೀಲ್ ಉಣ್ಣೆ ಬೇಡ, ತುಕ್ಕು ಹಿಡಿಯುತ್ತದೆ. ತಾಮ್ರದ ಜಾಲಿ ತುರುಕಿ. ಇಲಿ ವೈರಿನ ಪ್ಲಾಸ್ಟಿಕ್ ಕಡಿದರೆ ಎಲ್ಲಿ ಶಾರ್ಟ್ ಆಗಿದೆ ಅಂತ ಹುಡುಕುವುದು ಮಹಾ ಕಷ್ಟ. ಗೋಡೆ ಬಿಚ್ಚಬೇಕಾಗುತ್ತದೆ. ಜನರೇಟರ್ ಇದ್ದರೆ ತಿಂಗಳಿಗೊಮ್ಮೆ ಅರ್ಧ ಲೋಡ್ ಹಾಕಿ ಒಂದೆರಡು ಗಂಟೆ ಓಡಿಸಿ, ಖಾಲಿ ಓಡಿಸಿದರೆ ಪ್ರಯೋಜನ ಕಡಿಮೆ.

ನಿಮ್ಮ ಗಾಡಿಯ ಕನ್ವರ್ಟರ್ ಮಾಡೆಲ್ ನಂಬರ್ ಸಾಮಾನ್ಯವಾಗಿ ಫ್ಯೂಸ್ ಬಾಕ್ಸ್ ಬಾಗಿಲಿನ ಹತ್ತಿರವೇ ಇರುತ್ತದೆ. ಅದನ್ನು, ಬ್ಯಾಟರಿ ಯಾವ ಥರದ್ದು ಅನ್ನೋದನ್ನು ಇಲ್ಲೇ ಬರೆಯಿರಿ. ಪ್ಲಗ್ ಹಾಕಿ ಬಿಡಬಹುದಾ ಇಲ್ವಾ ಅಂತ ಆಗ ನೇರವಾಗಿ ಹೇಳಬಹುದು.