ಓದುಗರ ಪ್ರಶ್ನೆ: ಕರೆಂಟ್ (ಕ್ಯಾನ್ಸರ್ ರೇಡಿಯೇಷನ್) ಕೊಡುವಾಗ ಚರ್ಮದ ಆರೈಕೆ

ಪ್ರಶ್ನೆ: ನನ್ನ ಅತ್ತಿಗೆಗೆ ಎದೆಯ ಗಂಟಿನ ಆಪರೇಷನ್ ಆಗಿದೆ. ಮುಂದಿನ ವಾರದಿಂದ 15 ದಿನ ಕರೆಂಟ್ ಕೊಡುತ್ತಾರಂತೆ. ಚರ್ಮ ಸುಟ್ಟುಹೋಗುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಮೊದಲೇ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಬಹುದೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಅರಿಶಿನ ಬೇಡಮ್ಮ. ಕಿರಣ ಎಲ್ಲಿ ಬೀಳಬೇಕೆಂದು ಚರ್ಮದ ಮೇಲೆ ಎಳೆದ ಗುರುತಿನ ಗೀಟು ಎಣ್ಣೆಗೆ ಅಳಿಯುತ್ತದೆ. ಹಳದಿಯ ಅಡಿಯಲ್ಲಿ ಚರ್ಮ ಹೇಗಿದೆ ಅಂತ ಡಾಕ್ಟರಿಗೂ ಕಾಣುವುದಿಲ್ಲ. ನಮ್ಮ ಮೈಬಣ್ಣಕ್ಕೆ ಕೆಂಪಾಗುವುದಕ್ಕಿಂತ ಕಪ್ಪಾಗುವುದೇ ಜಾಸ್ತಿ, ಮೊದಲೇ ಗುರುತು ಹಿಡಿಯುವುದು ಕಷ್ಟ.

ಕರೆಂಟ್ ಅನ್ನುತ್ತೇವೆ ಅಷ್ಟೇ, ಅದು ಎಕ್ಸ್‌ರೇ ಜಾತಿಯ ಕಿರಣ. ಬೀಳುವಾಗ ನೋವಿಲ್ಲ. ಚರ್ಮದ ಬಣ್ಣ ತಿರುಗುವುದನ್ನು ಪೂರ್ತಿ ತಪ್ಪಿಸಲಾಗದು, ಆದರೆ ಒಡೆದು ನೀರು ಸೋರುವ ಮಟ್ಟಕ್ಕೆ ಹೋಗದಂತೆ ಸಾಕಷ್ಟು ಮಾಡಬಹುದು.

ನನಗೂ ಆಗಿತ್ತು, 25 ಸಿಟಿಂಗ್. ನಾಲ್ಕನೇ ವಾರ ಹಾಸನದಲ್ಲಿ ಅಣ್ಣನ ಮಗನ ಮದುವೆ. ಬಿಗಿ ತೋಳಿನ ರೇಷ್ಮೆ ಬ್ಲೌಸ್ ಹಾಕಿಕೊಂಡೆ. ಮುಹೂರ್ತ ಮುಗಿಯುವಷ್ಟರಲ್ಲಿ ಕಂಕುಳು ಉರಿಯತೊಡಗಿತು. ಮನೆಗೆ ಬಂದು ಬಿಚ್ಚಿದರೆ ಸಿಪ್ಪೆ ಬ್ಲೌಸಿಗೇ ಅಂಟಿಕೊಂಡು ಬಂತು. 30 ವರ್ಷ ನರ್ಸ್ ಆಗಿ ಊರಿಗೆಲ್ಲ ಬುದ್ಧಿ ಹೇಳಿದವಳು ನಾನು! ಆಮೇಲೆ ಯಜಮಾನರ ಹಳೇ ಬನಿಯನ್ನನ್ನು ಹೊಲಿಗೆ ಹೊರಗೆ ಬರುವಂತೆ ತಿರುಗಿಸಿ ಹಾಕಿಕೊಂಡೆ. ಎದೆಯ ಕೆಳಗಿನ ಮಡಿಕೆಗೆ ಮೆತ್ತನೆ ಪಂಚೆ ತುಂಡು. ಬೆವರು, ತಿಕ್ಕಾಟ ಸೇರುವ ಆ ಎರಡು ಜಾಗಗಳೇ ಮೊದಲು ಕೆಡುವುದು.

ಮಲೆನಾಡಿನವರಿಗೆ ಹಂಡೆ ನೀರು ಸುಡುತ್ತಿದ್ದರೇನೇ ಸ್ನಾನ, ಅಲ್ವಾ? ಈಗ ಉಗುರುಬೆಚ್ಚಗೆ ಸಾಕು. ಮೃದು ಸೋಪು, ಕೈಯಲ್ಲೇ ಸವರಿ, ಟವಲ್ ಒತ್ತಿ ಒರೆಸಲಿ, ಉಜ್ಜಬಾರದು. ಸುವಾಸನೆಯಿಲ್ಲದ ಕ್ರೀಮ್ ತೆಳ್ಳಗೆ ಹಚ್ಚಲಿ. ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಕ್ರೀಮ್ ಮೊದಲ ದಿನದಿಂದಲೇ ಹಚ್ಚಿದರೆ ಉರಿಯೂತ ಕಡಿಮೆಯಾಗುತ್ತದೆ. ಆದರೆ ಡಾಕ್ಟರನ್ನು ಕೇಳಿ, ಸುಮ್ನೆ ಅಂಗಡಿಯಿಂದ ತರಬೇಡಿ. ಶಾಖ, ಐಸ್, ಪೌಡರ್ ಎಲ್ಲ ದೂರ. ಕುತ್ತಿಗೆ ಬುಡಕ್ಕೂ ಕಿರಣ ಕೊಟ್ಟರೆ ಕಾಫಿ ಕಣದ ಬಿಸಿಲಿನಲ್ಲಿ ಸೆರಗು ಹೊದ್ದೇ ಇರಲಿ.

ಒಂದು ಮಾತು ಯಾರೂ ಮೊದಲೇ ಹೇಳುವುದಿಲ್ಲ. 15ನೇ ದಿನ ಮುಗಿಯಿತೆಂದು ನೀವು ಸಿಹಿ ಹಂಚುತ್ತೀರಿ. ಚರ್ಮದ ಉರಿ ಜೋರಾಗುವುದು ಅದಾದ ಒಂದೆರಡು ವಾರದಲ್ಲೇ. ಆಗಲೂ ಬನಿಯನ್, ಕ್ರೀಮ್ ಬಿಡಬಾರದು. ನೀರು ಸೋರಿದರೆ, ವಾಸನೆ ಬಂದರೆ, ಜ್ವರ ಕಾಣಿಸಿದರೆ ಮುಂದಿನ ತಾರೀಖಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.