ಹೊಸ 3310ರಲ್ಲಿ ಜಿಯೊ ಸಿಮ್‌ಗೆ ಸಿಗ್ನಲ್ ಬರದಿದ್ದರೆ

ಅಪ್ಪನಿಗೆ ತಂದ 2017ರ ನೋಕಿಯಾ 3310ರಲ್ಲಿ ಜಿಯೊ ಸಿಮ್ ಹಾಕಿದರೆ ಸಿಗ್ನಲ್ಲೇ ಬರ್ತಿಲ್ಲ ಅಂದಿರಿ. ಫೋನ್ ಕೆಟ್ಟಿರಲಿಕ್ಕಿಲ್ಲ. ಎಚ್‌ಎಂಡಿ ಗ್ಲೋಬಲ್ ನೋಕಿಯಾ ಹೆಸರಿಗೆ ಮತ್ತೆ ಜೀವ ಕೊಟ್ಟಾಗ ಇಲ್ಲಿಗೆ ಬಂದ ಈ ಮಾಡೆಲ್ ಬರೀ 2ಜಿ. ಜಿಯೊಗೆ 2ಜಿಯೇ ಇಲ್ಲ, ಕರೆಯೂ 4ಜಿಯಲ್ಲೇ ಹೋಗಬೇಕು. ಸೆಟ್ಟಿಂಗ್ಸ್ ಎಷ್ಟು ತಡಕಾಡಿದರೂ ದಾರಿಯಿಲ್ಲ. ರೀಸೆಟ್ ಮಾಡಿ ಸೇವ್ ಆದ ನಂಬರುಗಳನ್ನು ಕಳಕೊಳ್ಳಬೇಡಿ.

ಮೊದಲು ಸ್ವಿಚ್ ಆಫ್ ಮಾಡಿ, ಹಿಂದಿನ ಮುಚ್ಚಳ, ಬ್ಯಾಟರಿ ತೆಗೆದು ಕೆಳಗಿನ ಚೀಟಿ ನೋಡಿ. ಟಿಎ-1030 ಅಂತಿದ್ದರೆ ಅದು 2ಜಿ ಡ್ಯುಯಲ್ ಸಿಮ್. ಆಮೇಲೆ ಮನೆಯಲ್ಲಿರುವ ಏರ್‌ಟೆಲ್ ಅಥವಾ ವಿಐ ಸಿಮ್ ಹಾಕಿ ಕರೆ ಮಾಡಿ. ಇದರ ಸ್ಲಾಟ್ ಮೈಕ್ರೊ ಸಿಮ್ಮಿನದು. ನ್ಯಾನೊ ಸಿಮ್ಮನ್ನು ಅಡಾಪ್ಟರ್ ಸಮೇತ ತಳ್ಳಿ. ಖಾಲಿ ಅಡಾಪ್ಟರ್ ಮಾತ್ರ ಒಳಗೆ ಹಾಕಬೇಡಿ, ಹೊರಗೆಳೆಯುವಾಗ ಪಿನ್ ಸಿಕ್ಕಿಕೊಂಡು ಮುರಿಯುತ್ತೆ. ನಿಮ್ಮೂರಲ್ಲಿ 2ಜಿ ಎಷ್ಟು ಗಟ್ಟಿ ಅಂತ ಇಲ್ಲಿಂದ ಹೇಳಲಾಗದು, ಮನೆಯ ಒಳಗೂ ಹೊರಗೂ ಮಾತಾಡಿ ನೋಡಿ.

ಕರೆ ಹೋದರೆ ಅಪ್ಪನ ಜಿಯೊ ನಂಬರನ್ನೇ ಆ ಕಂಪನಿಗೆ ಪೋರ್ಟ್ ಮಾಡಿಸಿ, ಅಂದರೆ ನಂಬರ್ ಬದಲಾಗದೆ ಕಂಪನಿ ಬದಲಿಸಿ. ಜಿಯೊ ಸಿಮ್ಮನ್ನು 4ಜಿ ಫೋನಿಗೆ ಹಾಕಿ, ಇಂಗ್ಲಿಷಿನಲ್ಲಿ ‘ಪೋರ್ಟ್’ ಅಂತ ಬರೆದು, ಜಾಗ ಬಿಟ್ಟು 10 ಅಂಕಿಯ ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಈ ಸಿಮ್ ಜಿಯೊದಲ್ಲಿ 90 ದಿನ ದಾಟಿರಬೇಕು. ಬರುವ ಕೋಡ್ ಹಿಡಿದು, ಆಧಾರ್ ಸಮೇತ ಅಪ್ಪನನ್ನೇ ಹೊಸ ಕಂಪನಿಯ ಅಂಗಡಿಗೆ ಕರೆದೊಯ್ಯಿರಿ.

ಜಿಯೊ ಬಿಡುವುದಿಲ್ಲ ಅಂದರೆ 2024ರ ನೋಕಿಯಾ 3210 4ಜಿ ನೋಡಿ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಜಿಯೊ ಸಿಮ್ ಹಾಕಿ ಒಂದು ಕರೆ ಮಾಡಿಸಿ.