ಗುಬ್ಬಕ್ಕನ ದೂರು ಯಾರು ಬರೆದುಕೊಳ್ತಾರೆ?

ನೀವು ಕೇಳಿದ್ದು ಇಷ್ಟು: ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ದೂರಿನಿಂದ ತೀರ್ಪಿನವರೆಗೆ ಕ್ರಿಮಿನಲ್ ಕೇಸು ಹೇಗೆ ನಡೆಯುತ್ತದೆ ಅಂತ ಕಥೆಗಳ ಮೂಲಕ ಕಲಿಸಬಹುದಾ, ಕಲಿಸೋದಾದರೆ ಯಾವ ಕಥೆ ತಗೊಳ್ಳಬೇಕು.

ಕಲಿಸಬಹುದು. ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಏಳು ವರ್ಷದಿಂದ ಇದನ್ನು ಮಾಡುತ್ತಾ ಬಂದಿದ್ದೇನೆ. ಮೊದಲ ವರ್ಷ ಪೂರ್ತಿ ಕೆಡಿಸಿಕೊಂಡೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ, ನಿಮಗೆ ಒಂದು ವರ್ಷ ಉಳಿಯಲಿ.

ಅಮೆರಿಕದ ಶಾಲೆಗಳಲ್ಲಿ ಗೋಲ್ಡಿಲಾಕ್ಸ್ ಮೇಲೆ ಕೇಸು ಹಾಕಿ ಅಣಕು ವಿಚಾರಣೆ ಮಾಡಿಸುತ್ತಾರೆ. ಕರಡಿಗಳ ಮನೆಗೆ ನುಗ್ಗಿ ಗಂಜಿ ಕುಡಿದ ಹುಡುಗಿ, ಗೊತ್ತಲ್ವಾ? ಅಂಥದ್ದೊಂದು ನಾಟಕ ಸಿಕ್ಕಿತು, ಕನ್ನಡಕ್ಕೆ ತಂದು ಆಡಿಸಿದೆ. ಜಡ್ಜ್ ಆಗೋಕೆ ಎಂಟು ಜನ ಜಗಳ ಆಡಿದರು. ಗೆದ್ದವನು ಡಸ್ಟರ್ ತಗೊಂಡು ಟೇಬಲ್ ಕುಟ್ಟಿ "ಆರ್ಡರ್ ಆರ್ಡರ್" ಅಂದ. ಸಾಕ್ಷಿ ಹೇಳೋರು ಭಗವದ್ಗೀತೆ ಮುಟ್ಟಿದರು. ಹನ್ನೆರಡು ಮಕ್ಕಳು ಜ್ಯೂರಿ ಆಗಿ ಸಾಲಾಗಿ ಕೂತರು. ಉಳಿದ ಮೂವತ್ತು ಮಕ್ಕಳು ನೋಡಿ ನಕ್ಕರು. ಚೆನ್ನಾಗಿ ನಡೆಯಿತು ಅಂತ ನಾನೂ ಖುಷಿಯಾಗಿದ್ದೆ.

ಆಮೇಲೆ ಯೋಚನೆ ಮಾಡಿದರೆ ಅದರಲ್ಲಿ ನಮ್ಮ ಕೋರ್ಟಿನದ್ದು ಒಂದೂ ಇರಲಿಲ್ಲ. ನಮ್ಮ ಜಡ್ಜ್‌ಗಳು ಸುತ್ತಿಗೆ ಕುಟ್ಟುವುದಿಲ್ಲ. ಗ್ರಂಥ ಮುಟ್ಟಿ ಆಣೆ ಮಾಡುವುದು ಸಿನಿಮಾದಲ್ಲಿ ಮಾತ್ರ, 1969ರ ಪ್ರಮಾಣ ಕಾಯ್ದೆಯಲ್ಲಿ ಅಂಥ ಪುಸ್ತಕವೇ ಬೇಕಿಲ್ಲ. ಕ್ರಿಮಿನಲ್ ಕೇಸಿಗೆ ಜ್ಯೂರಿಯೂ ಇಲ್ಲ. ಇದೆಲ್ಲ ಹೋಗಲಿ, "ಗೋಲ್ಡಿಲಾಕ್ಸ್ ಕೋರ್ಟಿಗೆ ಬರೋ ಮುಂಚೆ ಏನೇನಾಯಿತು?" ಅಂತ ಕೇಳಿದೆ. ಇಡೀ ಕ್ಲಾಸು ಗಪ್‌ಚುಪ್. ಕೇಸಿನ ಮುಕ್ಕಾಲು ಪಾಲು ನಡೆಯೋದು ಅಲ್ಲೇ ತಾನೆ? ಠಾಣೆಯಲ್ಲಿ, ಮಹಜರಿನಲ್ಲಿ (ಪಂಚರ ಮುಂದೆ ಜಾಗ ನೋಡಿ ಬರೆದಿಡೋದು), ರಿಮ್ಯಾಂಡಿನಲ್ಲಿ (ಮ್ಯಾಜಿಸ್ಟ್ರೇಟ್ ಆದೇಶದಂತೆ ಆರೋಪಿಯನ್ನು ಒಳಗಿಡೋದು).

ಆಗ ಹೊಳೆದದ್ದು ಇದು. ಅಜ್ಜಿ ಕಥೆಗಳಲ್ಲಿ ತಪ್ಪು ಇರುತ್ತದೆ, ಶಿಕ್ಷೆ ಇರುತ್ತದೆ, ನಡುವೆ ಏನೂ ಇರುವುದಿಲ್ಲ. ಕಳ್ಳತನ ಮಾಡಿತು, ಬಾಲ ಕಟ್ ಆಯಿತು, ಕಥೆ ಮುಗೀತು. ನಾವು ಕಲಿಸಬೇಕಾದದ್ದು ಆ ನಡುವಿನ ಖಾಲಿ ಜಾಗವನ್ನೇ. ಹಾಗಾಗಿ ಕಥೆಯನ್ನು ಕೋರ್ಟಿನ ನಾಟಕ ಮಾಡಬೇಡಿ. ಕಥೆ ಎಲ್ಲಿ ಹಾರಿ ಮುಂದೆ ಹೋಯಿತೋ ಅಲ್ಲಿ ನಿಲ್ಲಿಸಿ.

ನಾನು ಈಗ ತಗೊಳ್ಳೋದು ಕಾಗಕ್ಕ ಗುಬ್ಬಕ್ಕನ ಕಥೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆಗೆ ಸಗಣಿ ಮನೆ ಕೊಚ್ಚಿ ಹೋಯಿತು. ಕಾಗಕ್ಕ ಬಂದು ಬಾಗಿಲು ಬಡಿಯಿತು. ಗುಬ್ಬಕ್ಕ ಒಳಗೆ ಕರೆದು ಮಲಗಲು ಜಾಗ ಕೊಟ್ಟಿತು. ರಾತ್ರಿ ಕಟುಂ ಕುಟುಂ ಅಂತ ಸದ್ದು. ಏನದು ಅಂದರೆ ಕಡಲೆ ತಿಂತಿದೀನಿ ಅಂತು ಕಾಗಕ್ಕ. ಬೆಳಗ್ಗೆ ನೋಡಿದರೆ ಮೊಟ್ಟೆ ಇಲ್ಲ. ಮಾರನೇ ದಿನ ಗುಬ್ಬಕ್ಕ ಸೌಟು ಕಾಯಿಸಿ ಕಾಗಕ್ಕನಿಗೆ ಬರೆ ಎಳೆಯಿತು.

ಮೊದಲ ಪೀರಿಯಡ್‌ನಲ್ಲಿ ಕಾನೂನಿನ ಮಾತೇ ಎತ್ತಬೇಡಿ. ಮೂರು ಮಕ್ಕಳನ್ನು ಹೊರಗೆ ಕಳಿಸಿ. ಒಬ್ಬೊಬ್ಬರನ್ನೇ ಕರೆದು, ಮನೆಯಲ್ಲಿ ಕೇಳಿದ ಹಾಗೆ ಕಥೆ ಹೇಳಿಸಿ. ಇನ್ನೊಬ್ಬರು ಬರೆದುಕೊಳ್ಳಲಿ. ನನ್ನ ಕ್ಲಾಸಲ್ಲಿ ಒಬ್ಬಳ ಕಥೆಯಲ್ಲಿ ಕಾಗೆ ಮೊಟ್ಟೆ ತಿಂದಿತ್ತು, ಇನ್ನೊಬ್ಬನದರಲ್ಲಿ ಮರಿ, ಮೂರನೆಯವನದರಲ್ಲಿ ಡಬ್ಬಿಯಲ್ಲಿದ್ದ ಕಡಲೆಯನ್ನೇ. ಬರೆ ಬಿದ್ದದ್ದು ಒಬ್ಬರಲ್ಲಿ ಬೆನ್ನಿಗೆ, ಒಬ್ಬರಲ್ಲಿ ಮುಕಳಿಗೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. "ಮೂವರಲ್ಲಿ ಯಾರು ಸುಳ್ಳು ಹೇಳ್ತಿದಾರೆ?" ಅಂತ ಕೇಳಿದೆ. "ಯಾರೂ ಇಲ್ಲ ಮಿಸ್, ಅವರವರ ಅಜ್ಜಿ ಹೇಳಿದ್ದು ಹಾಗೆ." ಸಾಕ್ಷಿಗಳ ಹೇಳಿಕೆ ಯಾಕೆ ಬೇರೆ ಬೇರೆ ಇರುತ್ತದೆ, ಪಾಟೀ ಸವಾಲು ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ನನಗೆ ಇನ್ನೂ ಸಿಕ್ಕಿಲ್ಲ.

ಎರಡನೇ ದಿನ ಠಾಣೆ. ಎರಡು ಡೆಸ್ಕ್ ಜೋಡಿಸಿದರೆ ಆಯಿತು. ಗುಬ್ಬಕ್ಕ ದೂರು ಕೊಡೋಕೆ ಬರುತ್ತಾಳೆ. ಎಸ್‌ಐ ಆದ ಹುಡುಗ ಕಾಲ ಮೇಲೆ ಕಾಲು ಹಾಕಿಕೊಂಡು "ಸಾಹೇಬ್ರು ಇಲ್ಲ, ನಾಳೆ ಬಾರಮ್ಮ" ಅಂದ. ನಾನು ಹೇಳಿಕೊಟ್ಟದ್ದಲ್ಲ! ಅವನನ್ನು ಬೈಯಬೇಡಿ, ಅಲ್ಲಿಂದಲೇ ಪಾಠ ಶುರು ಮಾಡಿ. ಪೊಲೀಸರೇ ನೇರ ತನಿಖೆ ಮಾಡಬಹುದಾದ ಗಂಭೀರ ಅಪರಾಧದ (ಕಾಗ್ನಿಜಬಲ್) ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು, ದೂರು ಕೊಟ್ಟವರಿಗೆ ಅದರ ಪ್ರತಿ ದುಡ್ಡಿಲ್ಲದೆ ಕೊಡಬೇಕು, ನಮ್ಮ ಲಿಮಿಟ್ ಅಲ್ಲ ಅಂತ ಅಟ್ಟುವ ಹಾಗಿಲ್ಲ. ಇದೆಲ್ಲ ಈಗ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಹೊಸ ಕಾನೂನು ಬಿಎನ್‌ಎಸ್‌ಎಸ್ 173ನೇ ಸೆಕ್ಷನ್‌ನಲ್ಲಿದೆ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಮೂರೂ ಬದಲಾದವಲ್ಲ, ನಾನು ಬರೆದಿಟ್ಟ ಚಾರ್ಟ್‌ಗಳೆಲ್ಲ ವೇಸ್ಟ್ ಆದವು. ಹಳೇ ಪುಸ್ತಕ ನೋಡಿ ಸೆಕ್ಷನ್ ನಂಬರ್ ಹೇಳಬೇಡಿ.

ಎಫ್‌ಐಆರ್ ಬರೆಯೋಕೆ ಕೂತಾಗ ನಿಜವಾದ ಜಗಳ ಶುರುವಾಗುತ್ತದೆ. ಏನಂತ ಬರೆಯೋದು? ಮೊಟ್ಟೆ ಅಂದರೆ ಮಗುವಾ, ವಸ್ತುವಾ? ವಸ್ತು ಅಂದರೆ ಕಳ್ಳತನ. ಆದರೆ ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು, ಮೊದಲ ಸಲದ ಕಳ್ಳತನ ಆದರೆ, ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟ ಮೇಲೆ ಶಿಕ್ಷೆ ಅಂದರೆ ಸಮುದಾಯ ಸೇವೆ ಅಷ್ಟೆ. ಅದು ನಾನ್-ಕಾಗ್ನಿಜಬಲ್. ಅಂದರೆ ಮ್ಯಾಜಿಸ್ಟ್ರೇಟ್ ಹೇಳದೆ ಪೊಲೀಸರು ತನಿಖೆಗೆ ಕೈ ಹಾಕುವಂತಿಲ್ಲ. (ಕಾಗ್ನಿಜಬಲ್ ಅಂದರೆ ಕಾಗೆಗೆ ಸಂಬಂಧಪಟ್ಟದ್ದಾ ಅಂತ ಒಬ್ಬ ಕೇಳಿದ. ಹೌದು ಅನ್ನಬೇಕು ಅನ್ನಿಸಿತು.) ಮಗು ಅಂದರೆ ಕೊಲೆ, ಅದರ ದಾರಿಯೇ ಬೇರೆ. ನಮ್ಮ ಕ್ಲಾಸಿನ ಕೋರ್ಟಲ್ಲಿ ಗುಬ್ಬಿ, ಕಾಗೆ ಎಲ್ಲ ಮನುಷ್ಯರೇ ಅಂತ ಮೊದಲೇ ಒಪ್ಪಂದ ಮಾಡಿಕೊಂಡಿರಿ, ಇಲ್ಲದಿದ್ದರೆ ವನ್ಯಜೀವಿ ಕಾಯ್ದೆ ಎತ್ತುವ ಜಾಣರು ಇರುತ್ತಾರೆ.

ಆಮೇಲೆ ಆ ಕಡೆಯ ಸರದಿ. ಕಾಗಕ್ಕನೂ ದೂರು ಕೊಡಬಹುದಲ್ಲ? ಬರೆ ಹಾಕಿಸಿಕೊಂಡಿದೆ. ನಮ್ಮ ಠಾಣೆಗಳ ಭಾಷೆಯಲ್ಲಿ ಕೌಂಟರ್ ಕೇಸ್. ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಹೊಸ ಅಪರಾಧ ಕಾನೂನು) 118ನೇ ಸೆಕ್ಷನ್‌ನಲ್ಲಿ ಬೆಂಕಿ ಅಥವಾ ಕಾದ ವಸ್ತುವಿನಿಂದ ಗಾಯ ಮಾಡೋದು ಅಂತ ಬಿಡಿಸಿಯೇ ಬರೆದಿದೆ. ಅದಕ್ಕೆ ಪೊಲೀಸರು ನೇರ ಎಫ್‌ಐಆರ್ ಹಾಕಬಹುದು. ಅಂದರೆ ಮೊಟ್ಟೆ ವಸ್ತು, ಬರೀ ಸಾದಾ ಕಳ್ಳತನ ಅಂತ ಬರೆದರೆ (ಮನೆಯೊಳಗಿನ ಕಳ್ಳತನ ಅಂತ ಬರೆದರೆ ಮಾತು ಬೇರೆ), ಮೊಟ್ಟೆ ಕಳೆದುಕೊಂಡ ಗುಬ್ಬಕ್ಕನ ಮೇಲೆ ಎಫ್‌ಐಆರ್ ಆಗುತ್ತದೆ, ಮೊಟ್ಟೆ ತಿಂದ ಕಾಗಕ್ಕನ ಮೇಲೆ ಆಗುವುದಿಲ್ಲ. ಇದನ್ನು ಬೋರ್ಡ್ ಮೇಲೆ ಬರೆದ ದಿನ ಮಕ್ಕಳು ನನ್ನ ಮೇಲೇ ರೇಗಿದರು. ಆತ್ಮರಕ್ಷಣೆ ಅಲ್ವಾ ಮಿಸ್ ಅಂದರು. ರಾತ್ರಿ ತಿನ್ನುವಾಗಲೇ ಹೊಡೆದಿದ್ದರೆ ಆ ಮಾತು ಆಡಬಹುದಿತ್ತು. ಮಾರನೇ ದಿನ ನಿಧಾನಕ್ಕೆ ಒಲೆ ಹಚ್ಚಿ ಸೌಟು ಕಾಯಿಸಿದರೆ ಅದು ರಕ್ಷಣೆ ಅಲ್ಲ, ಸೇಡು.

ಮುಂದಕ್ಕೆ ಹೋಗೋಕೆ ಮೊಟ್ಟೆ ಮಗು, ಇದು ಕೊಲೆ ಕೇಸು ಅಂತ ಇಟ್ಟುಕೊಳ್ಳಿ. ಬಂಧನಕ್ಕೆ ಬೋರ್ಡ್ ಮೇಲೆ ಒಂದು ಗಡಿಯಾರ ಬರೆಯಿರಿ. ಕಾಗಕ್ಕನನ್ನು ಸಂಜೆ ಆರಕ್ಕೆ ಹಿಡಿದರೆ ಮಾರನೇ ದಿನ ಸಂಜೆ ಆರರೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ದಾರಿಯ ಹೊತ್ತು ಬಿಟ್ಟು. ಸಂವಿಧಾನದ 22ನೇ ವಿಧಿಯ ಮಾತು ಅದು. ಭಾನುವಾರ ಆದರೆ? ಜಡ್ಜ್ ಮನೆಗೇ ಕರೆದುಕೊಂಡು ಹೋಗುತ್ತಾರೆ ಅಂದಾಗ ಮಕ್ಕಳ ಕಣ್ಣು ಅಗಲ ಆಗುತ್ತದೆ.

ಇನ್ನು ತಪ್ಪೊಪ್ಪಿಗೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಠಾಣೆಯಲ್ಲಿ ಕಾಗಕ್ಕ "ಹೌದು, ನಾನೇ ತಿಂದೆ" ಅಂತು. ಕೇಸು ಮುಗಿಯಿತಾ? ಮುಗಿಯಿತು ಅಂತ ಇಡೀ ಕ್ಲಾಸು ಕೂಗುತ್ತದೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಆರೋಪಿಯ ವಿರುದ್ಧ ಸಾಕ್ಷ್ಯ ಅಂತ ಕೋರ್ಟು ತಗೊಳ್ಳುವುದಿಲ್ಲ ಅಂದರೆ ಯಾರೂ ನಂಬುವುದಿಲ್ಲ. "ತಾನೇ ಒಪ್ಕೊಂಡಿದೆಯಲ್ಲ ಮಿಸ್!" ನಾನು ವಿವರಿಸೋಕೆ ಹೊರಟಿದ್ದೆ. ಕೊನೇ ಬೆಂಚಿನ ಹುಡುಗಿ ಒಬ್ಬಳು, ವರ್ಷವಿಡೀ ಬಾಯಿ ಬಿಡದವಳು, ಕೂತಲ್ಲಿಂದಲೇ ಹೇಳಿದಳು: "ಕಾದ ಸೌಟು ಹಿಡ್ಕೊಂಡು ಕೇಳಿದ್ರೆ ಗುಬ್ಬಕ್ಕನ ಮೊಟ್ಟೆ ನಾನೇ ತಿಂದೆ ಅಂತ ನಾನೂ ಒಪ್ಕೋತೀನಿ." ನಾನು ಚಾಕ್ ಕೆಳಗಿಟ್ಟೆ.

ಚಾರ್ಜ್‌ಶೀಟ್ (ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಆರೋಪಪಟ್ಟಿ) ಬೇಗ ಮುಗಿಸಿ. ಆರೋಪಿ ಒಳಗಿದ್ದರೆ ಅಪರಾಧ ಎಷ್ಟು ದೊಡ್ಡದು ಅನ್ನೋದರ ಮೇಲೆ 60 ಅಥವಾ 90 ದಿನದಲ್ಲಿ ಹಾಕಬೇಕು, ತಪ್ಪಿದರೆ ಜಾಮೀನು ಕೇಳುವ ಹಕ್ಕು ಬರುತ್ತದೆ. ದೂರು ಸುಳ್ಳು ಅಂತ ಕಂಡರೆ ಬಿ ರಿಪೋರ್ಟ್, ಮಾಡಿದವರು ಪತ್ತೆಯೇ ಆಗದಿದ್ದರೆ ಸಿ ರಿಪೋರ್ಟ್. ಬಿ ರಿಪೋರ್ಟ್ ಅನ್ನೋ ಮಾತು ಟಿವಿಯಲ್ಲಿ ಕೇಳಿ ಕೇಳಿ ಮಕ್ಕಳಿಗೆ ಗೊತ್ತಿರುತ್ತದೆ, ಅರ್ಥ ಮಾತ್ರ ಗೊತ್ತಿರುವುದಿಲ್ಲ.

ವಿಚಾರಣೆ ಅಂದಾಗ ನಿಮಗೆ ಬರುವ ಮೊದಲ ಕಷ್ಟ: ಕಾಗಕ್ಕನ ವಕೀಲ ಆಗೋಕೆ ಯಾರೂ ಒಪ್ಪುವುದಿಲ್ಲ. ಆಗ ಕಾನೂನು ಸೇವಾ ಪ್ರಾಧಿಕಾರದ ಬಗ್ಗೆ ಹೇಳಿ. ದುಡ್ಡಿಲ್ಲದ ಆರೋಪಿಗೆ ಸರ್ಕಾರದ ಖರ್ಚಲ್ಲೇ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿ ಸಲಹೆ ಕೇಳಬಹುದು. ನಮ್ಮಲ್ಲಿ ಕೊನೆಗೆ ಒಬ್ಬಳು ಒಪ್ಪಿದಳು, ಅರ್ಧ ಮನಸ್ಸಿಂದ. ಅವಳ ಪಾಟೀ ಸವಾಲು ನನಗೆ ಇನ್ನೂ ನೆನಪಿದೆ.

"ಕಾಗಕ್ಕ ಮೊಟ್ಟೆ ತಿಂದಿದ್ದು ನೋಡಿದ್ರಾ?"

"ಇಲ್ಲ, ಸದ್ದು ಕೇಳಿಸ್ತು."

"ಕಡಲೆ ತಿಂದ್ರೆ ಎಂಥ ಸದ್ದು ಬರತ್ತೆ?"

"…ಕಟುಂ ಕುಟುಂ."

"ಮೊಟ್ಟೆ ತಿಂದ್ರೆ?"

ಗುಬ್ಬಕ್ಕ ತಬ್ಬಿಬ್ಬು. ಮೊಟ್ಟೆ ತಿಂದರೆ ಕಟುಂ ಕುಟುಂ ಸದ್ದು ಬರಲ್ಲ ಅಂತ ನನಗೂ ಅಲ್ಲಿವರೆಗೆ ಹೊಳೆದಿರಲಿಲ್ಲ. ಮಹಜರಿನಲ್ಲಿ ಮೊಟ್ಟೆ ಚಿಪ್ಪು ಸಿಕ್ಕಿತ್ತಾ ಅಂತ ಪೊಲೀಸ್ ಆದವನನ್ನು ಕೇಳಿದಳು. ಅವನು ಮಹಜರೇ ಮಾಡಿರಲಿಲ್ಲ, ನೇರ ಹಿಡಿಯೋಕೆ ಓಡಿದ್ದ. ಕಾಗಕ್ಕ ಖುಲಾಸೆ. ಅರ್ಧ ಕ್ಲಾಸು ಅನ್ಯಾಯ ಅಂತ ಕೂಗಾಡಿತು. ಕಾಗಕ್ಕನೇ ತಿಂದಿದೆ ಅಂತ ನಿಮಗೆ ಹೇಗೆ ಗೊತ್ತು ಅಂತ ಕೇಳಿದೆ. "ಕಥೇಲಿ ಇದೆಯಲ್ಲ!" ಹೌದು, ಕಥೆ ಹೇಳುವ ಅಜ್ಜಿಗೆ ಎಲ್ಲ ಗೊತ್ತಿರುತ್ತದೆ. ಜಡ್ಜ್‌ಗೆ ಆ ಅಜ್ಜಿ ಸಿಗುವುದಿಲ್ಲ, ಫೈಲಲ್ಲಿ ಇದ್ದಷ್ಟೇ ಸಿಗೋದು.

ಜಾಮೀನಿಗೆ ಪುಣ್ಯಕೋಟಿ ಕಥೆ ಸರಿ ಹೊಂದುತ್ತದೆ ಅಂತ ನಾನು ಅಂದುಕೊಂಡಿದ್ದೆ. ಕರುವಿಗೆ ಹಾಲು ಕುಡಿಸಿ ಬರುತ್ತೇನೆ ಅಂತ ಮಾತು ಕೊಟ್ಟು ಹೋಗಿ, ಹೇಳಿದ ಹಾಗೆ ವಾಪಸ್ ಬಂದಳಲ್ಲ, ಬಾಂಡ್ ಬರೆದುಕೊಟ್ಟು ಹೊರಗೆ ಹೋಗಿ ವಾಯಿದೆಗೆ ಹಾಜರಾದ ಹಾಗೆ. ಹೀಗೆ ಹೇಳಿ ಬೀಗುತ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತ. "ಅವಳೇನು ತಪ್ಪು ಮಾಡಿದ್ಳು ಮಿಸ್? ಹಿಡಿಯೋನೂ ಹುಲಿ, ಬಿಡೋನೂ ಹುಲಿ, ತಿನ್ನೋನೂ ಹುಲಿ. ಅದು ಜಾಮೀನು ಹೆಂಗಾಗತ್ತೆ?" ಸೋತೆ. ಆದರೆ ಈಗ ಬೇಕಂತಲೇ ಅದೇ ಕಥೆ ಹೇಳುತ್ತೇನೆ. ಅರ್ಬುತ ಒಬ್ಬನೇ ಮಾಡಿದ ಕೆಲಸವನ್ನು ಎಷ್ಟು ಜನಕ್ಕೆ ಹಂಚಬೇಕು ಅಂತ ಮಕ್ಕಳಿಗೇ ಬಿಡುತ್ತೇನೆ. ಹಿಡಿಯೋಕೆ ಪೊಲೀಸ್, ವಾದಿಸೋಕೆ ಸರ್ಕಾರಿ ವಕೀಲರು, ತೀರ್ಮಾನಕ್ಕೆ ಜಡ್ಜ್, ಒಳಗಿಡೋಕೆ ಜೈಲು. ಒಬ್ಬೊಬ್ಬರೂ ಇನ್ನೊಬ್ಬರ ಕೆಲಸ ಮಾಡುವ ಹಾಗಿಲ್ಲ.

ಗೋಲ್ಡಿಲಾಕ್ಸ್ ಅನ್ನೂ ಪೂರ್ತಿ ಬಿಟ್ಟಿಲ್ಲ. ವಯಸ್ಸಿನ ವಿಷಯ ಹೇಳೋಕೆ ಅವಳೇ ಸರಿ. ಏಳು ವರ್ಷದೊಳಗಿನ ಮಗು ಏನೇ ಮಾಡಿದರೂ ನಮ್ಮ ಕಾನೂನಿನಲ್ಲಿ ಅಪರಾಧವೇ ಅಲ್ಲ. ಹದಿನೆಂಟರೊಳಗಿದ್ದರೆ ಬಾಲ ನ್ಯಾಯ ಮಂಡಳಿ, ಲಾಕಪ್ ಇಲ್ಲ. ಹತ್ತು ನಿಮಿಷದ ಪಾಠ ಅಷ್ಟೆ.

ಎರಡು ಎಚ್ಚರಿಕೆ. ನಾನು ಮೊದಮೊದಲು ಕಾಗಕ್ಕನನ್ನು ಬಾಯಿ ತಪ್ಪಿ "ಕಳ್ಳಿ" ಅನ್ನುತ್ತಿದ್ದೆ. ಒಬ್ಬ ಹುಡುಗ ಆ ವಾರ ಪೂರ್ತಿ ತಲೆ ಎತ್ತಲಿಲ್ಲ. ಅವನಪ್ಪ ಆರು ತಿಂಗಳಿಂದ ಜೈಲಲ್ಲಿದ್ದ, ಕೇಸು ಇನ್ನೂ ಶುರುವೇ ಆಗಿರಲಿಲ್ಲ. ನನಗೆ ಗೊತ್ತಾದದ್ದು ಆಮೇಲೆ. ಈಗ ತೀರ್ಪು ಬರುವವರೆಗೆ ಆರೋಪಿ ಅಂತಲೇ ಅನ್ನುತ್ತೇನೆ, ಬೇರೆ ಮಾತು ಆಡಿದವರಿಗೆ ಕ್ಲಾಸಲ್ಲಿ ಒಂದು ರೂಪಾಯಿ ದಂಡ. ಜಾಸ್ತಿ ಕಟ್ಟಿದವಳು ನಾನೇ. ಎರಡನೆಯದು, ತೋಳ ಅಜ್ಜಿಯ ವೇಷ ಹಾಕಿ ಹಾಸಿಗೆಯಲ್ಲಿ ಮಲಗುವ ಕಥೆ ಇದೆಯಲ್ಲ, ಅದನ್ನು ಸುಮ್ನೆ ತಮಾಷೆಗೆ ತಗೊಳ್ಳಬೇಡಿ. ಅದನ್ನು ಕೇಳಿದ ಮಗು ತನ್ನದೇ ಏನನ್ನೋ ಹೇಳಿಬಿಡಬಹುದು. ಆಗ ನೀವು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ) ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098 ನಂಬರ್ ನೆನಪಲ್ಲಿರಲಿ.

ನಲವತ್ತು ನಿಮಿಷದ ಆರು ಪೀರಿಯಡ್ ಬೇಕಾಗುತ್ತದೆ. ತಾಲ್ಲೂಕಿನ ಕೋರ್ಟಿಗೆ ಒಮ್ಮೆ ಕರೆದುಕೊಂಡು ಹೋಗಲು ಮೊದಲೇ ಕೇಳಿಕೊಳ್ಳಿ. ಕೇಳಿದರೆ ಕಾನೂನು ಸೇವಾ ಸಮಿತಿಯವರು ವಕೀಲರನ್ನೂ ಕ್ಲಾಸಿಗೆ ಕಳಿಸುತ್ತಾರೆ.

ಈ ವರ್ಷ ಗುಬ್ಬಕ್ಕನ ಮೇಲಿನ ಕೌಂಟರ್ ಕೇಸ್ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಒಂದು ಸಲ ಸಾಕ್ಷಿಗೆ ಜ್ವರ, ಒಂದು ಸಲ ಮಳೆ ರಜೆ, ಒಂದು ಸಲ ಜಡ್ಜಮ್ಮ ಕಬಡ್ಡಿ ಸೆಲೆಕ್ಷನ್‌ಗೆ ಹೋಗಿದ್ದಳು. ಬರುವ ಶನಿವಾರಕ್ಕೆ ವಾಯಿದೆ ಹಾಕಿದ್ದೇವೆ.